ಗುಲಾಬಿ ಕಾರಿನ ಒಳಗೆ

ನಮ್ಮ ಭಾವನವರ ಷೋಕೇಸಿನಲ್ಲಿ 1959ರ ಕ್ಯಾಡಿಲಾಕ್ ಎಲ್ಡೊರಾಡೊ ಬಿಯಾರಿಟ್ಜ್ ಕಾರಿನ ಮಾದರಿಯೊಂದಿದೆ. ಅಸಲು ಕಾರಿನ ಉದ್ದ 225 ಅಂಗುಲ. ಇದು ಅದರ ಹದಿನೆಂಟನೇ ಒಂದು ಪಾಲು, ಅಂದರೆ ಹನ್ನೆರಡೂವರೆ ಅಂಗುಲ. ನಮ್ಮ ಲಟ್ಟಣಿಗೆಯಷ್ಟು ಎನ್ನಿ. ಟಾಪು ಮಡಚುವ ಆ ಅಸಲು ಕಾರುಗಳು ತಯಾರಾದದ್ದು 1,320 ಮಾತ್ರ. ಮರಿಗಳಿಗೆ ಮಾತ್ರ ಲೆಕ್ಕವೇ ಇಲ್ಲ!

ಹೊರಮೈ ಸೊಗಸಾಗಿದೆ, ಇಲ್ಲವೆನ್ನುವುದಿಲ್ಲ. ಹಿಂಬದಿಯ ಆ ಎತ್ತರದ ರೆಕ್ಕೆಗಳು, ಒಂದೊಂದಕ್ಕೂ ಗುಂಡಿನಾಕಾರದ ಎರಡೆರಡು ಕೆಂಪು ದೀಪಗಳು. ಜನರಲ್ ಮೋಟಾರ್ಸಿನ ವಿನ್ಯಾಸದ ದೊರೆ ಹಾರ್ಲಿ ಅರ್ಲ್ ಯುದ್ಧಕಾಲದ ಲಾಕ್‌ಹೀಡ್ ವಿಮಾನವನ್ನು ಕಂಡು ಮರುಳಾದ. 1948ರಲ್ಲಿ ಸಣ್ಣದಾಗಿ ಮೂಡಿದ ರೆಕ್ಕೆ ಹನ್ನೊಂದು ವರ್ಷದಲ್ಲಿ ಹೀಗೆ ಬೆಳೆದು ನಿಂತಿತು. ರೆಕ್ಕೆಯ ಆ ಏರಿಳಿತವನ್ನು ಮಾದರಿ ಮಾಡಿದವರು ಕೂದಲೆಳೆಯಷ್ಟೂ ತಪ್ಪದೆ ಹಿಡಿದಿದ್ದಾರೆ.

ಆದರೆ ಬಣ್ಣ ಗುಲಾಬಿ. ಗುಲಾಬಿ ಕ್ಯಾಡಿಲಾಕ್ ಎಂದರೆ ಎಲ್ಲರಿಗೂ ಎಲ್ವಿಸ್ ಪ್ರೀಸ್ಲಿಯ ನೆನಪು. ಅವನ ಪ್ರಸಿದ್ಧ ಕಾರು 1955ರದು, ನಾಲ್ಕು ಬಾಗಿಲಿನದು, ಟಾಪು ಮಡಚುವಂಥದ್ದೇ ಅಲ್ಲ. ಅದನ್ನವನು ತಾಯಿಗೆ ಕೊಟ್ಟ. ಪಾಪ, ಆಕೆಗೆ ಕಾರು ಓಡಿಸಲು ಬರುತ್ತಿರಲಿಲ್ಲ!

ನನ್ನ ನಿಜವಾದ ತಕರಾರು ಒಳಭಾಗದ ಬಗ್ಗೆ. ಸೀಟು, ಬಾಗಿಲಿನ ಒಳಮೈ, ನೆಲ ಎಲ್ಲವೂ ಒಂದೇ ಅಚ್ಚಿನ ಪ್ಲಾಸ್ಟಿಕ್ಕು. ಹೊಲಿಗೆಯ ಗೆರೆ ಹುಡುಕಿದರೂ ಇಲ್ಲ. ಇದು ಸಣ್ಣ ವಿಷಯವೇನಲ್ಲ. ಐವತ್ತರ ದಶಕದಲ್ಲಿ ಅರ್ಲ್ ವಿನ್ಯಾಸ ವಿಭಾಗಕ್ಕೆ ಹೆಂಗಸರನ್ನು ಸೇರಿಸಿಕೊಂಡ. ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಕಾರಿನ ಒಳಗಿನ ಕೆಲಸ: ಬಟ್ಟೆ, ಬಣ್ಣ, ಹಿಡಿಕೆ. (ಹೊರಗಿನದು ಗಂಡಸರಿಗೆ, ಈ ಪಾಲು ನಮಗೆ ಹೊಸದೇ?) ಕಂಪನಿಯ ಪ್ರಚಾರದವರು ಅವರನ್ನು 'ವಿನ್ಯಾಸದ ಕನ್ಯಾಮಣಿಗಳು' ಎಂಬರ್ಥದ ಹೆಸರಿನಿಂದ ಕರೆದರು, ವಿನ್ಯಾಸಕಾರರು ಎಂದಷ್ಟೇ ಕರೆಸಿಕೊಳ್ಳಬೇಕೆಂದಿದ್ದ ಅವರಿಗೆ ಅದು ಹಿಡಿಸಲಿಲ್ಲ. 1958ರಲ್ಲಿ ಅವರೇ ಅಣಿಗೊಳಿಸಿದ ಕಾರುಗಳ ಪ್ರದರ್ಶನ ನಡೆಯಿತು. ಸೂಸಾನ್ ವಾಂಡರ್‌ಬಿಲ್ಟ್ ರೂಪಿಸಿದ ಕ್ಯಾಡಿಲಾಕೂ ಅಲ್ಲಿತ್ತು. ಅದೇ ವರ್ಷದ ಕೊನೆಗೆ ಅರ್ಲ್ ನಿವೃತ್ತನಾದ. ಮುಂದೆ ಬಂದವನಿಗೆ ಹೆಂಗಸರ ಮೇಲೆ ಆ ವಿಶ್ವಾಸವಿರಲಿಲ್ಲ; ಹೆಚ್ಚಿನವರು ಒಬ್ಬೊಬ್ಬರಾಗಿ ಕೆಲಸ ಬಿಟ್ಟರು.

ಮಾದರಿಯ ಜೊತೆ ಬಂದ ಚೀಟಿಯಲ್ಲಿ ಎಂಜಿನ್ನಿನ 345 ಅಶ್ವಶಕ್ತಿಯ ವರ್ಣನೆಯಿದೆ. ಸೀಟಿನ ಬಗ್ಗೆ ಒಂದಕ್ಷರವಿಲ್ಲ. ಟಾಪು ಕಳಚಿದ ಕಾರಿನಲ್ಲಿ ಕಣ್ಣಿಗೆ ಮೊದಲು ಬೀಳುವುದು ಸೀಟೇ ಅಲ್ಲವೆ? ರೆಕ್ಕೆಗೆ ಪಟ್ಟ ಶ್ರಮದ ಕಾಲುಭಾಗ ಆ ಹೊಲಿಗೆಗೂ ಸಿಕ್ಕಿದ್ದರೆ ಭಾವನವರು ತೆತ್ತ ದುಡ್ಡಿಗೆ ನಾನು ಮುಖ ಸಿಂಡರಿಸುತ್ತಿರಲಿಲ್ಲ.