ಜವಾರಿ ಮರಿಯ ಮೊದಲ ಎಂಟು ವಾರ

ಘಟಪ್ರಭೆಯ ದಂಡೆಯ ಊರುಗಳಲ್ಲಿ ಗೋವಿನಜೋಳದ ರಾಶಿ ನಡೆದಿದೆ. ಕೊಣ್ಣೂರಿನ ಸುತ್ತ ರಸ್ತೆಯ ಮಗ್ಗುಲಿಗೂ ಕಾಳು ಹರವುವ ದಿನಗಳಿವು. ಹಿತ್ತಲಲ್ಲಿ ಕೋಳಿ ಸಾಕಿದವರು ವರ್ಷದ ಮೇವು ಆರಿಸಿಟ್ಟುಕೊಳ್ಳುವ ಹೊತ್ತೂ ಇದೇ.

ಜವಾರಿ ಕೋಳಿಗೆ ಮೇವು ಯಾಕೆ, ತಿಪ್ಪೆ ಕೆದರಿ ತಿನ್ನುತ್ತದಲ್ಲ ಎನ್ನುವವರು ನಮ್ಮಲ್ಲಿ ಬಹಳ. ದೊಡ್ಡ ಕೋಳಿಗೆ ಆ ಮಾತು ಬಹುಪಾಲು ಸರಿ. ಹುಳ, ಒರಲೆ, ಸೊಪ್ಪು, ಕಣದಲ್ಲಿ ಉದುರಿದ ಕಾಳು ಅದಕ್ಕೆ ಸಿಗುತ್ತವೆ. ಸಂಜೆ ಗೂಡಿಗೆ ಬಂದಾಗ ಒಂದೊಂದಕ್ಕೆ ಮೂವತ್ತು ನಲವತ್ತು ಗ್ರಾಂ ಕಾಳು ಚೆಲ್ಲಿದರೆ ಸಾಕು. ಕೆದರಿ ಓಡಾಡಿ ಐದಾರು ತಿಂಗಳು ಬೆಳೆದ ಹುಂಜದ ಮಾಂಸ ಬಿಗಿಯಾಗಿರುತ್ತದೆ, ಸಾರಿಗೆ ಸತ್ವ ಬಿಡುತ್ತದೆ. ಐದಾರು ವಾರದಲ್ಲಿ ಎರಡು ಕಿಲೋ ತೂಗುವ ಬ್ರಾಯ್ಲರಿಗೆ ಆ ವಯಸ್ಸೂ ಇಲ್ಲ, ಓಡಾಟವೂ ಇಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಇವೆರಡರ ನಡುವಿನದು. ಮಾರುವವರಿಗೆ ಅದು ಒಳ್ಳೆಯದೇ, ರೊಟ್ಟಿ ಜೊತೆಗಿನ ಸಾರಿಗೆ ನನ್ನ ಮತ ಜವಾರಿಗೆ. ಚರ್ಮದಡಿಯ ಕೊಬ್ಬಿನ ಹಳದಿಯನ್ನೂ ನೋಡಿ. ಬಿಳಿಜೋಳವನ್ನಷ್ಟೇ ತಿಂದ ಕೋಳಿಯ ಕೊಬ್ಬು ಬೆಳ್ಳಗೆ, ಗೋವಿನಜೋಳ ಮತ್ತು ಹಸಿರು ಸೊಪ್ಪು ತಿಂದದ್ದು ಹಳದಿ.

ಮರಿಗಳ ಮಾತೇ ಬೇರೆ. ಇಪ್ಪತ್ತೊಂದು ದಿನ ಕಾವು ಕೊಟ್ಟು ಹ್ಯಾಟಿ ಹತ್ತು ಮರಿ ಎಬ್ಬಿಸುತ್ತದೆ. ತಿಂಗಳಾಗುವಷ್ಟರಲ್ಲಿ ಹದ್ದು, ಬೆಕ್ಕು, ಚಳಿ, ರೋಗ ಅಂತ ಒಂದೊಂದೇ ಕಳೆದು ನಾಲ್ಕೈದು ಉಳಿದರೆ ಮನೆಯವರು ಹಣೆಬರಹ ಎಂದು ಸುಮ್ಮನಾಗುತ್ತಾರೆ. ನನಗೆ ಇದನ್ನು ಒಪ್ಪಲಾಗದು. ಮೊದಲ ಎಂಟು ವಾರ ಮರಿಯನ್ನು ತಾಯಿ ಜೊತೆ ಜಾಲರಿ ಹಾಕಿದ ಜಾಗದಲ್ಲಿ ಇಟ್ಟು ಹೊಟ್ಟೆ ತುಂಬ ತಿನ್ನಿಸಬೇಕು. ಜೋಳದ ನುಚ್ಚೊಂದರಿಂದ ಆಗದು, ಅದರಲ್ಲಿ ಪ್ರೋಟೀನು ಶೇಕಡ ಹತ್ತರಷ್ಟು, ಮರಿಗೆ ಬೇಕಾದದ್ದು ಇಪ್ಪತ್ತರ ಹತ್ತಿರ. ಮನೆಯಲ್ಲೇ ಕಲಸುವುದಾದರೆ ಹತ್ತು ಕಿಲೋಗೆ ಗೋವಿನಜೋಳದ ನುಚ್ಚು ಐದು ಕಿಲೋ, ಸೋಯಾ ಹಿಂಡಿ ಮೂರು, ತೌಡು ಒಂದು ಮುಕ್ಕಾಲಿಗೆ ತುಸು ಕಡಿಮೆ, ಉಳಿದದ್ದು ಖನಿಜ ಮಿಶ್ರಣ.

ಸೋಯಾ ಬದಲು ಶೇಂಗಾ ಹಿಂಡಿ ಹಾಕಿದರೆ ಹೇಗೆ ಎಂದು ಕೇಳುತ್ತಾರೆ. ಸ್ವಲ್ಪ ಹಾಕಬಹುದು, ಮೂಸಿ ನೋಡಿ ಹಾಕಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲಿನಿಂದ ತರಿಸಿದ ಶೇಂಗಾ ಹಿಂಡಿ, ಅದರಲ್ಲಿನ ಬೂಜು. ಆ ಬೂಜಿನ ವಿಷವೇ ಅಫ್ಲಾಟಾಕ್ಸಿನ್. ಹಸಿ ಆರದೆ ಚೀಲ ಕಟ್ಟಿದ ಗೋವಿನಜೋಳದಲ್ಲೂ ಅದು ಹುಟ್ಟುತ್ತದೆ. 2019ರ ಆಗಸ್ಟಿನಂಥ ನೆರೆ ಬಂದು ದಾಸ್ತಾನು ನೆನೆದರಂತೂ ಹೇಳುವುದೇ ಬೇಡ. ತೇವ ಶೇಕಡ ಹನ್ನೆರಡರ ಆಸುಪಾಸಿಗೆ ಇಳಿಯುವ ತನಕ ಒಣಗಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಬೂಜು ಬಂದ ಮೇಲೆ ಬಿಸಿಲಿಗೆ ಹಾಕಿದರೆ ಬೂಜು ಒಣಗುತ್ತದೆ, ಸೇರಿದ ವಿಷ ಹೋಗುವುದಿಲ್ಲ. ಪೇಟೆಗೆ ಒಯ್ಯಲಾಗದ ಕಪ್ಪು ಕಾಳನ್ನು ಕೋಳಿಗೆ ಹಾಕುವ ರೂಢಿಯನ್ನು ಬಿಡಲೇಬೇಕು. ಆ ವಿಷ ಮೊದಲು ಹಿಡಿಯುವುದು ಯಕೃತ್ತನ್ನು. ಮರಿ ಕುಂಟುತ್ತ ಬೆಳೆಯುತ್ತದೆ, ರೋಗ ತಡೆಯುವ ಶಕ್ತಿ ಇಳಿಯುತ್ತದೆ, ಹಾಕಿಸಿದ ಲಸಿಕೆಯೂ ಸರಿಯಾಗಿ ನಾಟದು.

ಆ ಲಸಿಕೆಯಿಲ್ಲದೆ ಮೇವಿಗೆ ಹಾಕಿದ ದುಡ್ಡೂ ದಕ್ಕುವುದಿಲ್ಲ. ಕೊಕ್ಕರೆ ರೋಗ, ಅಂದರೆ ರಾಣಿಖೇತ, ಒಂದು ಓಣಿಗೆ ಬಂದರೆ ವಾರದಲ್ಲಿ ಗೂಡುಗಳು ಬರಿದಾಗುತ್ತವೆ. ಬಂದ ಮೇಲೆ ಔಷಧವಿಲ್ಲ. ಐದರಿಂದ ಏಳು ದಿನದ ಮರಿಯ ಕಣ್ಣಿಗೋ ಮೂಗಿಗೋ ಲಸೋಟಾ ಒಂದು ಹನಿ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರ ಆರ್‌2ಬಿ ಚುಚ್ಚುಮದ್ದು. ಹತ್ತು ಮರಿ ಇರುವ ಮನೆಯವರು ಹಿಂಜರಿಯುವುದಕ್ಕೆ ಕಾರಣವಿದೆ. ಶೀಶೆ ಬರುವುದೇ ನೂರು, ಇನ್ನೂರು ಮರಿಗಳ ಲೆಕ್ಕದಲ್ಲಿ, ತಂಪಿನಲ್ಲಿಟ್ಟೇ ತರಬೇಕು, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು.

ಅದಕ್ಕೇ ಓಣಿಯ ಹತ್ತು ಮನೆಯವರು ಹ್ಯಾಟಿಗಳನ್ನು ಒಂದೇ ವಾರ ಕಾವಿಗೆ ಕೂರಿಸಿ. ಮರಿ ಎದ್ದ ಮೇಲೆ ಒಂದು ಬೆಳಗ್ಗೆ ಎಲ್ಲ ಬುಟ್ಟಿಗಳನ್ನೂ ಒಂದೇ ಕಟ್ಟೆಗೆ ತನ್ನಿ, ಊರಿನ ಪಶು ಆಸ್ಪತ್ರೆಗೆ ಮೊದಲೇ ಹೇಳಿಡಿ. ಒಂದೇ ಶೀಶೆಯಲ್ಲಿ ಎಲ್ಲರ ಮರಿಗೂ ಆಗುತ್ತದೆ.