ಪ್ರೇತಮಾಂತ್ರಿಕನ ಶೀಲವಿಚಾರ

೧

ಕಲ್ಪಿತ ಲೋಕಗಳಲ್ಲಿ ನಡೆಯುವ ಪಾತ್ರಧಾರಣ ಕ್ರೀಡೆಯು ನಾಟಕಕ್ಕೂ ಕಥನಕ್ಕೂ ದಾಯಾದಿಯಾದುದು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ಸೂತ್ರಧಾರನು ವರ್ಣಿಸಿದ ಸನ್ನಿವೇಶದಲ್ಲಿ ತಮ್ಮ ಪಾತ್ರವು ಏನು ಮಾಡುವುದೆಂಬುದನ್ನು ಬಾಯಿಂದ ಹೇಳುತ್ತ, ಸಂದಿಗ್ಧವಾದೆಡೆಯಲ್ಲಿ ದಾಳವನ್ನುರುಳಿಸಿ ಫಲವನ್ನು ನಿರ್ಣಯಿಸಿಕೊಳ್ಳುವುದು ಇದರ ಕ್ರಮ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿ ೧೯೭೪ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು ಈ ಪ್ರಕಾರಕ್ಕೆ ಮೂಲಗ್ರಂಥ.

ಕಾವ್ಯದಲ್ಲಿ ಪಾತ್ರದ ಶೀಲವು ನಡತೆಯಿಂದ ವ್ಯಕ್ತವಾಗಬೇಕು. ಈ ಕ್ರೀಡೆಯಲ್ಲಾದರೋ ಅದನ್ನು ಗ್ರಂಥವೇ ಮುಂದಾಗಿ ಬರೆದಿಟ್ಟಿರುತ್ತದೆ. ಮೊದಲ ಗ್ರಂಥದಲ್ಲಿ ವ್ಯವಸ್ಥೆ, ಮಧ್ಯಸ್ಥತೆ, ಅವ್ಯವಸ್ಥೆ ಎಂಬ ಮೂರು ಪಕ್ಷಗಳು ಮಾತ್ರವಿದ್ದುವು. ೧೯೭೬ರಲ್ಲಿ ಗೈಗ್ಯಾಕ್ಸ್ ಅವರು ಇದಕ್ಕೆ ಒಳಿತು ಕೆಡಕುಗಳೆಂಬ ಇನ್ನೊಂದು ಭೇದವನ್ನು ಸೇರಿಸಿದರು. ೧೯೭೮ರ ಆಟಗಾರರ ಕೈಪಿಡಿಯಲ್ಲಿ ಇವೆರಡರ ಸಂಯೋಗದಿಂದ ಒಂಬತ್ತು ಶೀಲಗಳು ಕಾಣಬರುತ್ತವೆ. ಪ್ರತಿಯೊಂದು ಜೀವಿಯ ಹೆಸರಿನೊಡನೆಯೂ ಅದರ ಶೀಲವನ್ನು ನಮೂದಿಸುವ ಈ ಪದ್ಧತಿಯನ್ನು ಶೀಲನಿರ್ದೇಶವೆಂದು ಕರೆಯಬಹುದು.

ಈ ನಿರ್ದೇಶದಿಂದ ಹುಟ್ಟಿದ ವಿವಾದಗಳಲ್ಲಿ ಬಹುಕಾಲ ಬಾಳಿರುವುದು ‘ಲಿಚ್’ ಎಂಬ ಪ್ರೇತಮಾಂತ್ರಿಕನನ್ನು ಕುರಿತದ್ದು. ಮಂತ್ರಬಲದಿಂದ ಮರಣವನ್ನು ತಡೆದು, ತನ್ನ ಕಳೇಬರದಲ್ಲಿಯೇ ಬುದ್ಧಿಶಕ್ತಿಗಳೊಡನೆ ನೆಲಸಿರುವವನು ಈತ. ಇಂತಹವನು ಸಜ್ಜನನಾಗಿರಬಲ್ಲನೆ? ಮೇಲುನೋಟಕ್ಕೆ ಇದು ಆಟಗಾರರ ತರ್ಕವಾಗಿ ತೋರಬಹುದು. ವಿಚಾರಿಸಿ ನೋಡಿದಲ್ಲಿ, ಶೀಲವಿರುವುದು ಹುಟ್ಟಿನಲ್ಲಿಯೋ ದೇಹದಲ್ಲಿಯೋ ಕ್ರಿಯೆಯಲ್ಲಿಯೋ ಎಂಬ ಪುರಾತನ ಪ್ರಶ್ನೆಯೇ ವೇಷ ಬದಲಿಸಿ ಬಂದಿರುವುದು ತಿಳಿಯುತ್ತದೆ. ನಾಗಚಂದ್ರನ ರಾವಣನನ್ನು ಕುರಿತು ಕನ್ನಡದಲ್ಲಿ ನಡೆದಿರುವ ವಿಮರ್ಶೆಯನ್ನು ಬಲ್ಲವರಿಗೆ ಈ ಪ್ರಶ್ನೆಯ ಗುರುತು ಹತ್ತದಿರದು.

೨

ಲಿಚ್ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಶವವಾಚಕವಾದ ಶಬ್ದದಿಂದ ಬಂದುದು. ಜರ್ಮನ್ ಭಾಷೆಯ ‘ಲೈಖೆ’ ಅದರ ಜ್ಞಾತಿ. ಇಂಗ್ಲೆಂಡಿನಲ್ಲಿ ಚರ್ಚಿನ ಅಂಗಳದ ಬಾಗಿಲಲ್ಲಿ ಶವವನ್ನಿಳಿಸಿ ಪಾದ್ರಿಯ ಬರವನ್ನು ಕಾಯುವ ಮಾಡಿಗೆ ‘ಲಿಚ್ ಗೇಟ್’ ಎಂದು ಹೆಸರು. ಕ್ಲಾರ್ಕ್ ಆಷ್ಟನ್ ಸ್ಮಿತ್ ಮೊದಲಾದ ಅದ್ಭುತಕಥಾಕಾರರು ಈ ಶಬ್ದವನ್ನು ಬರಿಯ ಹೆಣವೆಂಬ ಅರ್ಥದಲ್ಲಿಯೇ ಬಳಸಿದರು. ೧೯೬೯ರಿಂದ ಪ್ರಕಟವಾದ ಗಾರ್ಡ್ನರ್ ಫಾಕ್ಸ್ ಅವರ ‘ಕೋಥಾರ್’ ಕಥೆಗಳಿಂದ ತಾವು ಈ ಕಲ್ಪನೆಯನ್ನು ಪಡೆದುದಾಗಿ ಗೈಗ್ಯಾಕ್ಸ್ ಅವರೇ ಹೇಳಿದ್ದಾರೆ. ೧೯೭೫ರ ‘ಗ್ರೇಹಾಕ್’ ಎಂಬ ಅನುಬಂಧಗ್ರಂಥದಲ್ಲಿ ಪ್ರೇತಮಾಂತ್ರಿಕನು ಮೊದಲು ಕಾಣಿಸಿಕೊಂಡನು.

ಆ ಮೊದಲ ವರ್ಣನೆಯು ಬಹು ಸಂಕ್ಷಿಪ್ತವಾದುದು. ಮಂತ್ರದಿಂದಲೂ ಸಂಕಲ್ಪಬಲದಿಂದಲೂ ಉಳಿದಿರುವ ಅಸ್ಥಿಪಂಜರವೆಂಬುದೇ ಅದರ ಸಾರ. ತನ್ನ ಪ್ರಾಣವನ್ನು ದೇಹದಿಂದ ಹೊರಗೆ ಒಂದು ಕರಂಡದಲ್ಲಿ ಅಡಗಿಸಿಡುವ ಅಂಶವು ಅನಂತರ ಬೆಳೆದುಬಂದಿತು. ಈ ಅಂಶವು ಮಾತ್ರ ಲೋಕದ ಜನಪದ ಕಥೆಗಳಲ್ಲೆಲ್ಲ ಹರಡಿರುವುದಾಗಿದೆ. ರಷ್ಯದ ಕಥೆಗಳ ಕೊಶ್ಚೇಯನ ಮರಣವು ಸೂಜಿಯ ಮೊನೆಯಲ್ಲಿದೆ. ಸೂಜಿಯು ಮೊಟ್ಟೆಯಲ್ಲಿ, ಮೊಟ್ಟೆಯು ಬಾತಿನಲ್ಲಿ, ಬಾತು ಮೊಲದಲ್ಲಿ. ೧೮೬೮ರಲ್ಲಿ ಮೇರಿ ಫ್ರಿಯರ್ ಪ್ರಕಟಿಸಿದ ದಖನ್ನಿನ ಕಥಾಸಂಗ್ರಹದಲ್ಲಿ ಪಂಚ್‌ಕಿನ್ ಎಂಬ ಮಾಂತ್ರಿಕನ ಪ್ರಾಣವು ಒಂದು ಹಸುರು ಗಿಳಿಯಲ್ಲಿದೆ. ಏಳು ಸಮುದ್ರಗಳಾಚೆಯ ಗಿಳಿಯಲ್ಲಿ ಪ್ರಾಣವನ್ನಿರಿಸಿದ ರಾಕ್ಷಸನ ಕಥೆಯನ್ನು ಕನ್ನಡದ ಮಕ್ಕಳೂ ಅಜ್ಜಿಯರಿಂದ ಕೇಳಿಯೇ ಇರುತ್ತಾರೆ.

ಈ ಕರಂಡಕ್ಕೆ ಕ್ರೀಡಾಗ್ರಂಥಗಳು ‘ಫಿಲ್ಯಾಕ್ಟರಿ’ ಎಂಬ ಹೆಸರನ್ನಿಟ್ಟುವು. ಇದು ಸಲ್ಲದ ಪ್ರಯೋಗ. ಯೆಹೂದ್ಯರು ಪ್ರಾರ್ಥನಾಕಾಲದಲ್ಲಿ ತೋಳಿಗೂ ಹಣೆಗೂ ಕಟ್ಟಿಕೊಳ್ಳುವ, ಶ್ರುತಿವಾಕ್ಯಗಳನ್ನೊಳಗೊಂಡ ಸಂಪುಟಗಳಿಗೆ ಆ ಹೆಸರು ಸಲ್ಲುತ್ತದೆ. ಒಂದು ಜನದ ಪೂಜ್ಯವಸ್ತುವಿನ ಹೆಸರನ್ನು ದುಷ್ಟನ ಪ್ರಾಣಭಾಂಡಕ್ಕೆ ಇಟ್ಟುದು ಅನುಚಿತವೆಂಬ ಆಕ್ಷೇಪವಿದ್ದಿತು. ೨೦೨೫ರ ಜೀವಿಸಂಗ್ರಹದಲ್ಲಿ ‘ಸ್ಪಿರಿಟ್ ಜಾರ್’ ಎಂಬ ಬೇರೊಂದು ಹೆಸರು ಬಂದಿರುವುದು ಯುಕ್ತವಾಗಿದೆ.

೩

ಪ್ರೇತಮಾಂತ್ರಿಕನು ಎಂದಿಗೂ ಸಜ್ಜನನಾಗಲಾರನೆನ್ನುವವರ ವಾದವು ಮೂರು ಬಗೆಯಾಗಿದೆ. ಕೆಡಕು ಅವನ ದ್ರವ್ಯದಲ್ಲಿದೆಯೆಂಬುದು ಒಂದು. ಅವನು ಆ ಸ್ಥಿತಿಯನ್ನು ಪಡೆದ ಸಾಧನದಲ್ಲಿದೆಯೆಂಬುದು ಎರಡು. ಆ ಸ್ಥಿತಿಯನ್ನು ಕಾಪಾಡಿಕೊಳ್ಳುವ ವೃತ್ತಿಯಲ್ಲಿದೆಯೆಂಬುದು ಮೂರು. ಇವನ್ನು ಬೇರೆ ಬೇರೆಯಾಗಿ ತೂಗದಿರುವುದೇ ಚರ್ಚೆಯು ಮುಗಿಯದಿರುವುದಕ್ಕೆ ಕಾರಣ.

ಮೊದಲನೆಯ ವಾದವು ದುರ್ಬಲವಾದುದು. ಸತ್ತೂ ಅಳಿಯದ ಜೀವಿಗಳನ್ನು ಚಲಿಸುವ ಶಕ್ತಿಯೇ ಅಶುಭವೆಂದೂ ಆದುದರಿಂದ ಅದು ಹೊಕ್ಕ ದೇಹವೆಲ್ಲ ದುಷ್ಟವೆಂದೂ ಇದರ ನಿಲವು. ಆದರೆ ಗ್ರಂಥಗಳೇ ಈ ವಿಷಯದಲ್ಲಿ ಸ್ಥಿರವಾಗಿಲ್ಲ. ೨೦೦೦ದ ಮೂರನೆಯ ಆವೃತ್ತಿಯಲ್ಲಿ ಮಂತ್ರದಿಂದೆದ್ದ ಬುದ್ಧಿಹೀನ ಅಸ್ಥಿಪಂಜರವು ಪಶುವಿನಂತೆ ಮಧ್ಯಸ್ಥಶೀಲದ್ದೆಂದು ಎಣಿಸಲ್ಪಟ್ಟಿತ್ತು. ೨೦೦೩ರ ಪರಿಷ್ಕರಣದಲ್ಲಿ ಅದೇ ಅಸ್ಥಿಪಂಜರವು ಸದಾ ದುಷ್ಟವೆಂದಾಯಿತು. ಮೂರು ವರ್ಷಗಳಲ್ಲಿ ಎಲುಬುಗಳೇನೂ ಪಾಪ ಮಾಡಲಿಲ್ಲ. ಲೇಖನಿ ಮಾತ್ರ ಬದಲಾಯಿತು. ಸಂಕಲ್ಪವಿಲ್ಲದ ವಸ್ತುವಿಗೆ ಶೀಲವನ್ನಾರೋಪಿಸುವುದು, ಕೊಂದವನನ್ನು ಬಿಟ್ಟು ಕತ್ತಿಯನ್ನು ದಂಡಿಸಿದಂತೆ.

ಇಲ್ಲಿ ಇನ್ನೊಂದು ವಿವೇಕವೂ ಅಗತ್ಯ. ಆರ್ಕ್ ಮುಂತಾದ ಜನಾಂಗಗಳನ್ನು ಹುಟ್ಟಿನಿಂದಲೇ ದುಷ್ಟರೆಂದು ಚಿತ್ರಿಸುವುದನ್ನು ಬಿಡುವುದಾಗಿ ೨೦೨೦ರಲ್ಲಿ ಪ್ರಕಾಶಕರು ಸಾರಿದರು. ಈ ನಿರ್ಧಾರವು ನ್ಯಾಯವಾದುದು. ಅದನ್ನೇ ಆಧಾರವಾಗಿಟ್ಟು ಪ್ರೇತಮಾಂತ್ರಿಕನಿಗೂ ಅದೇ ವಿನಾಯಿತಿಯನ್ನು ಕೇಳುವವರುಂಟು. ಈ ಸಾದೃಶ್ಯವು ನಿಲ್ಲಲಾರದು. ಆರ್ಕನು ಹಾಗೆ ಹುಟ್ಟಿದವನು. ಲಿಚ್ ಹಾಗೆ ಆದವನು. ಹುಟ್ಟಿಗೆ ಯಾರೂ ಹೊಣೆಯಲ್ಲ, ಆಯ್ಕೆಗೆ ಹೊಣೆಯುಂಟು. ಆದಕಾರಣ ಪ್ರೇತಮಾಂತ್ರಿಕನನ್ನು ಅವನ ಎಲುಬಿನಿಂದ ಖಂಡಿಸುವುದು ಎಷ್ಟು ತಪ್ಪೋ, ಎಲುಬಿನ ನೆಪದಿಂದ ಬಿಡುಗಡೆ ಮಾಡುವುದೂ ಅಷ್ಟೇ ತಪ್ಪು. ಅವನ ಆಯ್ಕೆಯೇ ವಿಚಾರಣೆಗೆ ಬರಬೇಕು.

೪

ಎರಡನೆಯ ವಾದವು ಈ ಆಯ್ಕೆಯನ್ನೇ ಹಿಡಿಯುತ್ತದೆ. ೧೯೭೯ರಲ್ಲಿ ಲೆನ್ ಲಕೋಫ್ಕಾ ಅವರು ‘ಡ್ರ್ಯಾಗನ್’ ಪತ್ರಿಕೆಯಲ್ಲಿ ಮಾಂತ್ರಿಕನು ಲಿಚ್ ಆಗುವ ವಿಧಾನವನ್ನು ವಿವರಿಸಿದರು. ಅವನು ಕುಡಿಯಬೇಕಾದ ಪಾಕದಲ್ಲಿ ಇತರರ ರಕ್ತಹೃದಯಗಳು ಸೇರಿದ್ದುವು. ಇಲ್ಲಿ ಪಾಪವು ಸ್ಪಷ್ಟವಾಗಿದೆ. ೨೦೦೦ದ ಆವೃತ್ತಿಯಾದರೋ ಈ ವಿಧಾನವು ನುಡಿಯಲಾಗದಷ್ಟು ದುಷ್ಟವಾದುದೆಂದು ಹೇಳಿ, ಅದೇನೆಂಬುದನ್ನು ನುಡಿಯದೆಯೇ ಬಿಡುತ್ತದೆ. ಕರಂಡದ ನಿರ್ಮಾಣಕ್ಕೆ ೧,೨೦,೦೦೦ ಚಿನ್ನದ ನಾಣ್ಯಗಳು ಬೇಕೆಂಬ ಲೆಕ್ಕವು ಮಾತ್ರ ಅಲ್ಲಿ ಚೊಕ್ಕವಾಗಿದೆ. ಹೊನ್ನಿಗೆ ಲೆಕ್ಕವಿದ್ದು ಪಾಪಕ್ಕೆ ಲೆಕ್ಕವಿಲ್ಲದಿರುವುದು ಕಥನದೃಷ್ಟಿಯಿಂದ ದೊಡ್ಡ ದೋಷ. ಕಾಣದ ಪಾಪವನ್ನು ನಂಬೆಂದು ಹೇಳಿದರೆ ಸಹೃದಯನು ನಂಬನು. ಒಳ್ಳೆಯ ಪ್ರೇತಮಾಂತ್ರಿಕನು ಏಕಿರಬಾರದೆಂದು ಕೇಳಿಯೇ ಕೇಳುತ್ತಾನೆ. ಈ ಮೌನವು ವಿವಾದವನ್ನು ಬೆಳೆಸಿತೇ ಹೊರತು ಮುಗಿಸಲಿಲ್ಲ. ಮೇಲಾಗಿ, ಒಮ್ಮೆ ಮಾಡಿದ ಪಾಪಕ್ಕೆ ಪಶ್ಚಾತ್ತಾಪವುಂಟಷ್ಟೆ. ಸಾವಿರ ವರ್ಷದ ಹಿಂದೆ ಕೊಂದವನು ಆಮೇಲೆ ಸಾವಿರ ವರ್ಷ ಪರೋಪಕಾರದಲ್ಲಿ ಕಳೆದಿದ್ದರೆ ಅವನನ್ನು ದುಷ್ಟನೆನ್ನುವುದು ಹೇಗೆ?

ಈ ಸಂದೇಹಕ್ಕೆ ಉತ್ತರ ಕೊಡಬಲ್ಲುದು ಮೂರನೆಯ ವಾದವೊಂದೇ. ೨೦೧೪ರ ಐದನೆಯ ಆವೃತ್ತಿಯು ಅದನ್ನು ನಿರ್ದಾಕ್ಷಿಣ್ಯವಾಗಿ ಮಂಡಿಸಿದೆ. ಅಲ್ಲಿಯ ಪ್ರೇತಮಾಂತ್ರಿಕನು ಕಾಲಕಾಲಕ್ಕೆ ತನ್ನ ಕರಂಡಕ್ಕೆ ಇತರರ ಆತ್ಮಗಳನ್ನು ಉಣಿಸಬೇಕು. ಒಳಹೊಕ್ಕ ಆತ್ಮವು ಇಪ್ಪತ್ತುನಾಲ್ಕು ಗಂಟೆಗಳಲ್ಲಿ ಸಂಪೂರ್ಣವಾಗಿ ನಾಶವಾಗುತ್ತದೆ. ಉಣಿಸುವುದನ್ನು ಮರೆತರೆ ದೇಹವು ಕಳಚಿಬೀಳತೊಡಗುತ್ತದೆ. ಆದ್ದರಿಂದ ಅವನ ಪಾಪವು ಭೂತಕಾಲದ್ದಲ್ಲ. ಬದುಕಿರುವ ಪ್ರತಿದಿನವೂ ಹೊಸದಾಗಿ ತೆರುವ ಬಾಡಿಗೆ, ಅದೂ ಪರರ ಗಂಟಿನಿಂದ. ಇಂತಹವನು ಮಕ್ಕಳಿಗೆ ವಿದ್ಯೆ ಕಲಿಸಬಹುದು, ಊರನ್ನು ಕಾಯಬಹುದು, ಮಧುರವಾಗಿ ಮಾತನಾಡಬಹುದು. ಇವೆಲ್ಲವುಗಳ ಬುಡದಲ್ಲಿ ಒಂದು ಆತ್ಮವು ಕರಗುತ್ತಿರುತ್ತದೆ. ಈ ಆವೃತ್ತಿಯಲ್ಲಿ ಶೀಲನಿರ್ದೇಶವನ್ನು ಅಳಿಸಿಹಾಕಿದರೂ ತೀರ್ಪು ಬದಲಾಗುವುದಿಲ್ಲ. ಚೀಟಿಯಲ್ಲಿದ್ದ ದುಷ್ಟತನವು ಕಥೆಯೊಳಕ್ಕೆ ಬಂದಿರುವುದೇ ಇದರ ಹೆಚ್ಚಳ.

೫

ಹೀಗಿರುವಲ್ಲಿ, ಗ್ರಂಥಗಳೇ ಒಪ್ಪಿರುವ ಅಪವಾದಗಳ ಗತಿಯೇನು? ೧೯೯೦ರ ‘ಸ್ಪೆಲ್‌ಜ್ಯಾಮರ್’ ಅನುಬಂಧದಲ್ಲಿ ‘ಆರ್ಚ್‌ಲಿಚ್’ ಎಂಬ ಸಜ್ಜನ ಪ್ರೇತಮಾಂತ್ರಿಕನು ಬಂದನು. ‘ಫರ್ಗಾಟನ್ ರೆಲ್ಮ್ಸ್’ ಎಂಬ ಕಲ್ಪಿತಲೋಕದಲ್ಲಿ ‘ಬೇಲ್‌ನಾರ್ನ್’ ಎಂಬವರಿದ್ದಾರೆ. ತಮ್ಮ ಕುಲವನ್ನೂ ಕುಲದ ವಿದ್ಯೆಯನ್ನೂ ಕಾಯುವುದಕ್ಕಾಗಿ ಮರಣವನ್ನು ಮುಂದೂಡಿದ ಎಲ್ಫ್ ಜನಾಂಗದ ವೃದ್ಧರು ಇವರು. ಕೀತ್ ಬೇಕರ್ ಅವರು ಕಲ್ಪಿಸಿ ೨೦೦೪ರಲ್ಲಿ ಪ್ರಕಟವಾದ ‘ಎಬೆರಾನ್’ ಲೋಕದ ಏರೆನಾಲ್ ಎಂಬ ದ್ವೀಪದಲ್ಲಿ ಮೃತ ಪೂರ್ವಿಕರ ಒಂದು ಸಭೆಯೇ ಇದೆ. ಇವರನ್ನು ಉಳಿಸಿರುವುದು ಶುಭಶಕ್ತಿ. ಅದಕ್ಕೆ ಪೋಷಣೆ, ಜೀವಂತ ವಂಶಜರು ಮನಸಾರೆ ಅರ್ಪಿಸುವ ಭಕ್ತಿ. ಅದೇ ಲೋಕದಲ್ಲಿ, ಅದೇ ಜನದಲ್ಲಿ ಹುಟ್ಟಿ, ತನ್ನ ಕುಲವು ನಿರ್ಮೂಲವಾದ ಮೇಲೆ ಅಡಗಿ ಉಳಿದ ವೋಲ್ ಎಂಬ ಪ್ರೇತಮಾಂತ್ರಿಕಿಯೂ ಇದ್ದಾಳೆ.

ಇವುಗಳಲ್ಲಿ ಆರ್ಚ್‌ಲಿಚ್ಚನ ಕಲ್ಪನೆಯು ಸಪ್ಪೆಯಾದುದು; ದುಷ್ಟನೆಂಬ ಚೀಟಿಯ ಬದಲು ಶಿಷ್ಟನೆಂಬ ಚೀಟಿಯನ್ನು ಅಂಟಿಸಿದುದಕ್ಕಿಂತ ಹೆಚ್ಚೇನೂ ಅಲ್ಲಿಲ್ಲ. ಬೇಲ್‌ನಾರ್ನ್ ಮತ್ತು ಏರೆನಾಲಿನ ಸಭೆ ಇವೆರಡೂ ಹಾಗಲ್ಲ. ಅಲ್ಲಿ ಕಸಿದುಕೊಂಡ ಆಯುಷ್ಯವಿಲ್ಲ, ಒಪ್ಪಿಸಲ್ಪಟ್ಟ ಆಯುಷ್ಯವಿದೆ. ಉಳಿದವನು ತನಗಾಗಿ ಉಳಿದಿಲ್ಲ. ಉಳಿಸಿದವರು ತಮ್ಮ ಒಪ್ಪಿಗೆಯಿಂದ ಉಳಿಸಿದ್ದಾರೆ. ಅವರು ಕೈಬಿಟ್ಟರೆ ಅವನಿಲ್ಲ. ಪ್ರಾಣಕ್ಕೆ ಆಹಾರ ಯಾವುದು, ಅದನ್ನು ಕೊಟ್ಟವರು ಯಾರು, ಮನಸ್ಸಿನಿಂದ ಕೊಟ್ಟರೋ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರವುಂಟು. ಆದುದರಿಂದ ಇವರ ಸೌಜನ್ಯವು ಓದುಗನಿಗೆ ಒಪ್ಪಿಗೆಯಾಗುತ್ತದೆ.

೬

ಒಂದು ಆಕ್ಷೇಪವು ಉಳಿದಿದೆ. ಸತ್ತವನು ಸಜ್ಜನನಾದರೆ ರಸಭಂಗವಾಗುವುದಿಲ್ಲವೆ? ೧೯೭೮ರಲ್ಲಿ ಅಚ್ಚಾದ ‘ಟೂಂ ಆಫ್ ಹಾರರ್ಸ್’ ಎಂಬ ಸಾಹಸಪ್ರಸಂಗದ ಕಡೆಯ ಕೋಣೆಯಲ್ಲಿ, ಅಸೆರೆರಾಕನ ತಲೆಬುರುಡೆಯು ಬಂದವರ ಆತ್ಮವನ್ನು ರತ್ನದೊಳಕ್ಕೆ ಹೀರುವ ಸನ್ನಿವೇಶವಿದೆ. ಅಲ್ಲಿ ಭಯಾನಕವೂ ಬೀಭತ್ಸವೂ ಕೂಡಿ ನಿಂತಿವೆ; ಬುರುಡೆಯು ಬುದ್ಧಿವಾದ ಹೇಳತೊಡಗಿದರೆ ಅವೆರಡೂ ಕೆಡುವುವು. ಈ ಮಾತು ಆ ಪ್ರಸಂಗದ ಮಟ್ಟಿಗೆ ನಿಜ. ಒಟ್ಟು ಪ್ರಕಾರಕ್ಕೆ ನಿಜವಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರಕವಿ ಸೋಮದೇವನ ಕಥಾಸರಿತ್ಸಾಗರವೇ ಇದಕ್ಕೆ ಸಾಕ್ಷಿ. ಅಲ್ಲಿಯ ವೇತಾಳನು ಪರರ ಶವವನ್ನು ಹೊಕ್ಕವನಾದುದರಿಂದ ಲಿಚ್ಚನಿಗೆ ಪೂರ್ತಿಯಾಗಿ ಸಮಾನನಲ್ಲ. ಆದರೂ ಶ್ಮಶಾನದ ಮರದಲ್ಲಿ ನೇತಾಡುವ ಹೆಣವು ತ್ರಿವಿಕ್ರಮಸೇನ ರಾಜನಿಗೆ ಹಿತವನ್ನು ಹೇಳಿ ಪ್ರಾಣವನ್ನುಳಿಸುತ್ತದೆ. ಕೊಲ್ಲಲೆಳಸಿದವನು ಜೀವಂತನೂ ಮಂತ್ರಸಾಧಕನೂ ಆದ ಕ್ಷಾಂತಿಶೀಲನೆಂಬ ಭಿಕ್ಷು. ಹೆಣದಲ್ಲಿ ಸೌಜನ್ಯ, ಕಾಷಾಯದಲ್ಲಿ ಕ್ರೌರ್ಯ. ಹೆಸರಿನಲ್ಲಿ ಮಾತ್ರ ಕ್ಷಮೆ. ಇಲ್ಲಿ ಭಯಾನಕವು ಕೆಡಲಿಲ್ಲ, ಅದ್ಭುತಕ್ಕೆ ಎಡೆಗೊಟ್ಟಿತು. ಬೇಲ್‌ನಾರ್ನನ ಕಥೆಯಲ್ಲಿ ಅದು ಕರುಣಕ್ಕೆ ಎಡೆಗೊಡಬಲ್ಲುದು. ತಾನು ಕಾಯುತ್ತಿದ್ದ ಕುಲವೇ ಅಳಿದುಹೋದ ಮೇಲೂ ಬಾಗಿಲನ್ನು ಬಿಡದೆ ನಿಂತ ಕಾವಲುಗಾರನಿಗಿಂತ ಕರುಣಕ್ಕೆ ಯೋಗ್ಯವಾದ ಆಲಂಬನವು ಬೇರೆ ಯಾವುದು?

೭

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಪ್ರೇತಮಾಂತ್ರಿಕನ ಶೀಲವು ಅವನ ಎಲುಬಿನಲ್ಲಿಲ್ಲ, ಗ್ರಂಥವು ಅಂಟಿಸಿದ ಚೀಟಿಯಲ್ಲಿಯೂ ಇಲ್ಲ. ಅವನ ಆಯುಷ್ಯದ ಋಣವು ಯಾರ ಮೇಲೆ ಬಿದ್ದಿದೆಯೆಂಬುದರಲ್ಲಿದೆ. ಪರೀಕ್ಷೆಗೆ ಒಂದೇ ಒರೆಗಲ್ಲು ಸಾಕು: ಕರ್ತವ್ಯವು ಮುಗಿದಾಗ, ಅಥವಾ ತನ್ನ ಉಳಿವಿಗೆ ಪರಪ್ರಾಣವು ಬೇಕೆಂದು ಕಂಡಾಗ, ಈತನು ಸಾಯಲು ಒಪ್ಪುವನೆ? ಏರೆನಾಲಿನ ಹಿರಿಯನು ಭಕ್ತಿಯು ನಿಂತೊಡನೆ ಇಲ್ಲವಾಗುವವನು; ಆ ಕರಾರಿನ ಮೇಲೆಯೇ ಅವನು ಉಳಿದಿದ್ದಾನೆ. ೨೦೧೪ರ ಗ್ರಂಥದ ಪ್ರೇತಮಾಂತ್ರಿಕನಿಗೂ ಸದ್ಗತಿಯ ಬಾಗಿಲು ಮುಚ್ಚಿಲ್ಲ. ಉಣಿಸುವುದನ್ನು ಅವನು ತಿಳಿದೇ ನಿಲ್ಲಿಸಬಹುದು, ಎಲುಬುಗಳು ಒಂದೊಂದಾಗಿ ಕಳಚುವುದನ್ನು ನೋಡುತ್ತ ಕೂಡಬಹುದು. ಆ ಲೋಕದಲ್ಲಿ ಒಳ್ಳೆಯ ಪ್ರೇತಮಾಂತ್ರಿಕನೆಂದರೆ ಅವನೇ. ಅವನ ಒಳ್ಳೆಯತನಕ್ಕೆ ಅವಕಾಶವಿರುವುದು ಆ ಕೆಲವು ದಿನಗಳು ಮಾತ್ರ.