ನೆರೆಮನೆಯ ಧಾಟಿಯಲ್ಲಿ ಒಂದು ವೀರಕಾವ್ಯ

ಅಲ್ಬೇನಿಯನ್ನರು ತಮ್ಮ ರಾಷ್ಟ್ರೀಯ ಮಹಾಕಾವ್ಯವೆಂದು ಎತ್ತಿಹಿಡಿಯುವ ‘ಲಹೂತಾ ಎ ಮಲ್ತ್ಸೀಸ್’ ಮೊದಲು ಅಚ್ಚಾದದ್ದು ಇಂದಿನ ಕ್ರೊವೇಶಿಯಾದ ಝದಾರ್ ಎಂಬ ಕಡಲೂರಿನಲ್ಲಿ, 1905ರಲ್ಲಿ. ಅಂದು ಬಂದದ್ದು ಆರಂಭದ ಭಾಗ ಮಾತ್ರ. 30 ಸಂಧಿಗಳ ಪೂರ್ಣಕೃತಿಗೆ 1937ರವರೆಗೆ ಕಾಯಬೇಕಾಯಿತು. ಕವಿ ಜೆರ್ಜ್ ಫಿಷ್ತಾ ಫ್ರಾನ್ಸಿಸ್ಕನ್ ಪಾದ್ರಿ. ಎಲ್ಸಿ ಮತ್ತು ಮಾಥಿ-ಹೆಕ್ ಮಾಡಿದ ಇಂಗ್ಲಿಷ್ ಅನುವಾದವನ್ನು ನಾನು ಓದಿದ್ದು ಪುಣೆಯ ಆಫೀಸು ಬಸ್ಸಿನಲ್ಲಿ, ಕಂತು ಕಂತಾಗಿ.

‘ಸ್ಲಾವ್ ವಿರೋಧಿ ಕಾವ್ಯ’ ಎಂದು ಇದಕ್ಕೆ ಚೀಟಿ ಅಂಟಿಸುವುದು ಸುಲಭ. ಕಮ್ಯುನಿಸ್ಟ್ ಅಲ್ಬೇನಿಯಾ ಅದೇ ಕಾರಣಕ್ಕೆ ಇದನ್ನು ನಿಷೇಧಿಸಿತ್ತು. ಮಾಂಟೆನೆಗ್ರೋದವರ ಮೇಲಿನ ಸಿಟ್ಟು ಪುಟಪುಟದಲ್ಲೂ ಇದೆ, ನಿಜ. ಆದರೆ ಆ ಸಿಟ್ಟನ್ನು ಹಾಡುವ ವಿದ್ಯೆ ಫಿಷ್ತಾನಿಗೆ ಬಂದದ್ದು ಎಲ್ಲಿಂದ? ಹುಡುಗನಾಗಿದ್ದಾಗಲೇ ಆತನನ್ನು ಓದಲು ಬೋಸ್ನಿಯಾಕ್ಕೆ ಕಳಿಸಿದರು. ಅಲ್ಲಿ ಕ್ರೊವಾಟ್ ಕವಿಗಳಾದ ಗ್ರ್ಗಾ ಮಾರ್ತಿಚ್, ಕ್ರಾಂಚೆವಿಚ್ ಅವರ ಒಡನಾಟ ಸಿಕ್ಕಿತು. ಇವಾನ್ ಮಜುರಾನಿಚ್ 1846ರಲ್ಲಿ ಬರೆದ ‘ಸ್ಮಾಯಿಲ್ ಆಗಾ ಚೆಂಗಿಚ್‌ನ ಸಾವು’ ಮುಂದಿತ್ತು. ಲಹೂತಾ ಅಂದರೆ ಒಂಟಿತಂತಿಯ ವಾದ್ಯ. ಸ್ಲಾವರ ಕೈಯಲ್ಲಿ ಅದರ ಹೆಸರು ಗುಸ್ಲೆ.

ನನಗೆ ಇನ್ನೂ ಕುತೂಹಲ ಹುಟ್ಟಿಸಿದ್ದು ಇಬ್ಬರೂ ಹಿಡಿದ ಪಕ್ಷ. ಕ್ಯಾಥಲಿಕ್ ಕ್ರೊವಾಟ್ ಮಜುರಾನಿಚ್, ಆರ್ಥೊಡಾಕ್ಸ್ ಮಾಂಟೆನೆಗ್ರೋದವರ ಪರ ನಿಂತು ಮುಸ್ಲಿಂ ಆಗಾನ ವಧೆಯನ್ನು ಹಾಡಿದ. ಕ್ಯಾಥಲಿಕ್ ಪಾದ್ರಿ ಫಿಷ್ತಾ, ಮುಸ್ಲಿಂ ಓಸೊ ಕುಕಾನನ್ನು ನಾಯಕನನ್ನಾಗಿಸಿ ಅದೇ ಮಾಂಟೆನೆಗ್ರೋದವರ ವಿರುದ್ಧ ನಿಲ್ಲಿಸಿದ. ಕ್ರೊವಾಟರು ಪಳಗಿಸಿಕೊಟ್ಟ ಆಯುಧದ ಗುರಿ ತಿರುಗಿತು. ಇದನ್ನು ಬರಿಯ ದ್ವೇಷದ ಕಾವ್ಯವೆಂದು ಓದಿದರೆ ಈ ಸಾಲ ಕಾಣಿಸುವುದೇ ಇಲ್ಲ.

ಝದಾರ್‌ಗೂ ಅಲ್ಬೇನಿಯನ್ನರಿಗೂ ನಂಟು ಹಳೆಯದು. ಶ್ಕೋದ್ರಾ ಸರೋವರದ ಕಡೆಯಿಂದ ಓಡಿಬಂದ ಕ್ಯಾಥಲಿಕ್ ಕುಟುಂಬಗಳಿಗೆ 1726ರಿಂದ ಆರ್ಚ್‌ಬಿಷಪ್ ಝ್ಮಾಯೆವಿಚ್ ಅಲ್ಲಿ ನೆಲೆ ಕೊಡಿಸಿದರು. ಆ ಬಡಾವಣೆಗೆ ಇಂದಿಗೂ ಅರ್ಬನಾಸಿ ಎಂದೇ ಹೆಸರು. ಅವರ ಆಡುನುಡಿ ಕ್ರೊವೇಶಿಯನ್, ಇಟಾಲಿಯನ್ ಪದಗಳನ್ನು ನುಂಗಿಕೊಂಡು ತಲೆಮಾರುಗಳನ್ನು ದಾಟಿತು. (ಮನೆಯಲ್ಲಿ ಮರಾಠಿ ಬೆರೆತ ಕನ್ನಡ ಕೇಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಕಾವ್ಯವಾಗಿ ಇದರ ದೌರ್ಬಲ್ಯವೂ ಇದೆ: ಶತ್ರುವಿಗೆ ಒಂದೇ ಬಣ್ಣ. 15,000ಕ್ಕೂ ಹೆಚ್ಚು ಸಾಲುಗಳಲ್ಲಿ ಅದು ದಣಿಸುತ್ತದೆ. ಮಜುರಾನಿಚ್ ಕೇವಲ 1,134 ಸಾಲುಗಳಲ್ಲಿ ಮುಗಿಸಿದ್ದು ಜಾಣತನ. ಆದರೂ ವ್ರಾನಿನಾದ ಕೋಟೆಯಲ್ಲಿ ಓಸೊ ಕುಕಾ ಮದ್ದಿನಮನೆಗೆ ಬೆಂಕಿ ಇಟ್ಟು ಶತ್ರುಗಳ ಜೊತೆ ತಾನೂ ಸಿಡಿದುಹೋಗುವ ಸಂಧಿ ಬಂದಾಗ, ನಾನು ಇಳಿಯಬೇಕಾದ ಸ್ಟಾಪು ದಾಟಿಹೋಗಿತ್ತು.